ಕೈ ನಡುಗುತ್ತಿದ್ದ ವರ್ಷ

ಹೋದ ವಾರ ಇಲಾಖೆಯ ಕೆಲಸವೊಂದಕ್ಕೆ ಕಡೂರಿನಿಂದ ಅಜ್ಜಂಪುರಕ್ಕೆ ಹೋಗಿದ್ದೆ. ಬಸ್ಸಿನಿಂದ ಇಳಿದ ಕೂಡಲೇ ಮೂಗಿಗೆ ಬಡಿದದ್ದು ಈರುಳ್ಳಿಯ ವಾಸನೆ. ಕಿತ್ತ ಗಡ್ಡೆಗಳನ್ನು ಹೊಲದಲ್ಲೇ ಒಣಹಾಕಿ, ಜುಟ್ಟು ಕೊಯ್ದು, ಚೀಲ ತುಂಬಿ ಲಾರಿಗೆ ಹೇರುವ ಕಾಲ. ಒದ್ದೆ ಮಣ್ಣು, ಒಣಗಿದ ಸಿಪ್ಪೆ, ನಡುವೆ ಎಲ್ಲೋ ಕೊಳೆತ ಒಂದೆರಡು ಗಡ್ಡೆ, ಎಲ್ಲ ಕಲೆತ ಆ ವಾಸನೆಗೆ ನಾನು ಮತ್ತೆ ಇಪ್ಪತ್ತಾರು ವರ್ಷದವಳಾಗಿಬಿಟ್ಟೆ. ನಾನು ಕೆಲಸಕ್ಕೆ ಸೇರಿ ಮೊದಲ ಸಲ ಆ ಊರಿಗೆ ಬಂದಿಳಿದದ್ದೂ ಈರುಳ್ಳಿ ಕೀಳುವ ದಿನಗಳಲ್ಲೇ.

ನಾನು ಸರ್ವೇಯರ್. ಆದೇಶದ ಹಾಳೆಯಲ್ಲಿ ಭೂಮಾಪಕರು ಎಂದಿತ್ತು. ಊರವರಿಗೆ ಸರ್ವೆ ಮೇಡಮ್ಮ. ಅಜ್ಜಂಪುರ ತಾಲ್ಲೂಕಾಗಿ ಹೆಚ್ಚು ದಿನ ಆಗಿರಲಿಲ್ಲ, ಕಚೇರಿಯ ಗೋಡೆಗೆ ಹೊಡೆದ ಸುಣ್ಣ ಇನ್ನೂ ಕೈಗಂಟುತ್ತಿತ್ತು. ಅಕ್ಕಪಕ್ಕದ ಜಮೀನಿನವರು ಗಡಿಗಾಗಿ ಜಗಳ ಆಡಿಕೊಂಡು ಅರ್ಜಿ ಕೊಟ್ಟರೆ, ಹಳೆಯ ನಕ್ಷೆ ಹಿಡಿದು ಹೋಗಿ, ಸರಪಳಿ ಎಳೆದು, ಇಂಥಲ್ಲಿ ನಿಮ್ಮ ಕಲ್ಲು ಎಂದು ತೋರಿಸಿ ಬರುವುದು ನನ್ನ ಕೆಲಸ. ಇದರಲ್ಲಿ ಲೆಕ್ಕ ಕಷ್ಟವಲ್ಲ. ಕಷ್ಟವೆಂದರೆ ಜನ. ಎರಡೂ ಕಡೆಯವರು, ಅವರ ನೆಂಟರು, ದಾರಿಯಲ್ಲಿ ಹೋಗುತ್ತಿದ್ದವರು ಎಲ್ಲರೂ ಭುಜದ ಮೇಲಿಂದ ಬಗ್ಗಿ, ನೀವು ಬರೆಯುವ ಒಂದೊಂದು ಅಂಕಿಯನ್ನೂ ನೋಡುತ್ತಾರೆ.

ಯಾರಾದರೂ ನೋಡುತ್ತಿದ್ದರೆ ನನಗೆ ಬರೆಯಲು ಆಗುತ್ತಿರಲಿಲ್ಲ.

ಇದು ಎಂದು ಶುರುವಾಯಿತೋ ಗೊತ್ತಿಲ್ಲ. ನಮ್ಮೂರು ದೇವನೂರು, ಅಪ್ಪ ಕರೆಂಟಿನ ಲೈನ್‌ಮನ್. ಶಾಲೆಯಲ್ಲಿ ಪಾಠ ಗಟ್ಟಿಯಾಗಿ ಓದುವ ಸರದಿ ಬರುವ ದಿನ ನನಗೆ ಹೊಟ್ಟೆನೋವು ಬರುತ್ತಿತ್ತು. ಕಾಲೇಜಿನಲ್ಲಿ ಮೂರು ವರ್ಷ ಯಾರೆದುರೂ ಊಟದ ಡಬ್ಬಿ ಬಿಚ್ಚಲಿಲ್ಲ. ಹೆಣ್ಣು ನೋಡಲು ಬಂದವರೆದುರು ಕಾಫಿ ತಟ್ಟೆ ಹಿಡಿದು ನಿಂತಾಗ ಲೋಟಗಳು ಗಲಗಲ ಎಂದು, ಹುಡುಗನ ಸೋದರತ್ತೆ ಅಮ್ಮನನ್ನು ಅಡುಗೆಮನೆಗೆ ಕರೆದು, ಹುಡುಗಿಗೆ ಮೂರ್ಛೆ ಏನಾದರೂ ಬರುತ್ತಾ ಎಂದು ಕೇಳಿದ್ದರು. ಅಮ್ಮ ಕಡೂರಿನ ಡಾಕ್ಟರೊಬ್ಬರಿಗೆ ತೋರಿಸಿದಳು. ನರದ ವೀಕ್ನೆಸ್ಸು ಎಂದು ಟಾನಿಕ್ಕು ಬರೆದುಕೊಟ್ಟರು. ಆರು ಬಾಟಲಿ ಕುಡಿದೆ. ಬಾಟಲಿ ಖಾಲಿಯಾದವು ಅಷ್ಟೇ. ಹಾಗಾದರೆ ಈ ಕೆಲಸಕ್ಕೇ ಏಕೆ ಸೇರಿದೆ ಎಂದು ಕೇಳಬಹುದು. ಹೊಲದಲ್ಲಿ ಒಬ್ಬಳೇ ಇರಬಹುದು ಎಂದುಕೊಂಡಿದ್ದೆ, ನಿಜವಾಗಿಯೂ.

ಸೇರಿದ ಎರಡನೇ ತಿಂಗಳಲ್ಲಿ ಬುಕ್ಕಾಂಬುಧಿಯ ಅರ್ಜಿ ಬಂತು. ಕೆರೆಯ ಹಿನ್ನೀರಿನ ಕಡೆ ಅಣ್ಣ ಮಲ್ಲಪ್ಪ, ತಮ್ಮ ಓಂಕಾರಪ್ಪ ಎಂಬಿಬ್ಬರ ಜಮೀನು. ನಡುವಿನ ಕಲ್ಲು ಹೂಳಿನಲ್ಲಿ ಮುಚ್ಚಿಹೋಗಿ, ಇಬ್ಬರಿಗೂ ಮಾತು ನಿಂತು ವರ್ಷಗಳಾಗಿದ್ದವು. ನನ್ನ ಜೊತೆ ಸರಪಳಿ ಹಿಡಿಯಲು ಬಂದವರು ತಿಪ್ಪೇಶಣ್ಣ. ಇಲಾಖೆಯ ಹಳೆಯ ಸಹಾಯಕರು, ಐವತ್ತು ದಾಟಿದ ತೆಳ್ಳನೆಯ ಮನುಷ್ಯ, ಮೂವತ್ತು ವರ್ಷ ಕಲ್ಲು ಹುಡುಕುತ್ತಲೇ ತಿರುಗಿದವರು. ಅಲ್ಲಿ ಹೋಗಿ ನೋಡಿದರೆ ಮೂವತ್ತು ನಲವತ್ತು ಜನ. ಪುಸ್ತಕ ಬಿಚ್ಚಿದೆ. ಮೊದಲ ಅಂಕಿ ಬರೆಯುವಷ್ಟರಲ್ಲಿ ಪೆನ್ನು ಹಾಳೆಯ ಮೇಲೆ ಕುಣಿಯತೊಡಗಿತು. ಕತ್ತಿನ ಹಿಂದೆ ಬೆವರು. ಎದೆ ಬಡಿತ ಕಿವಿಯೊಳಗೆ ಕೇಳುತ್ತಿತ್ತು. ಯಾರೋ ಏನೋ ಕೇಳಿದರು. ಬಾಯಿ ತೆರೆದೆ, ದನಿ ಹೊರಡಲಿಲ್ಲ.

"ನಕ್ಷೆ ಸರಿ ಕಾಣ್ತಿಲ್ಲ, ಇನ್ನೊಂದಿನ ಬರ್ತೀವಿ ಕಣ್ರಪ್ಪ," ಎಂದು ನನ್ನ ಬದಲು ತಿಪ್ಪೇಶಣ್ಣನೇ ಹೇಳಿ ಸರಪಳಿ ಸುತ್ತಿದರು. ನಾನು ತಲೆ ತಗ್ಗಿಸಿ ಅವರ ಹಿಂದೆ ನಡೆದೆ. "ಎದುರು ಪಾರ್ಟಿಯವ್ರು ಹೇಳಿಕೊಟ್ಟವ್ರೆ, ಅದುಕ್ಕೇ ಅಳೀಲಿಲ್ಲ," ಎಂದು ಬೆನ್ನ ಹಿಂದೆ ಒಬ್ಬರು ಹೇಳಿದ್ದು ಕೇಳಿಸಿತು. ಇನ್ನೊಬ್ಬರು, "ಜಂಬ ನೋಡು, ಮಾತಾಡ್ಸಿದ್ರೂ ಮಾತಾಡಲ್ಲ," ಎಂದರು. ಹೆದರಿ ಸಾಯುತ್ತಿರುವವಳ ಮುಖ ಹೊರಗಿನವರಿಗೆ ಜಂಬದವಳ ಮುಖದಂತೆ ಕಾಣುತ್ತದೆ ಎಂದು ಅವತ್ತು ತಿಳಿಯಿತು.

ಅಲ್ಲಿಂದ ಮುಂದೆ ತಿಪ್ಪೇಶಣ್ಣ ತಾವೇ ಒಂದು ವ್ಯವಸ್ಥೆ ಮಾಡಿಕೊಂಡರು. ಜನ ಹತ್ತಿರ ಬರದಂತೆ ನನಗೂ ಅವರಿಗೂ ನಡುವೆ ನಿಲ್ಲುವುದು, ಕೇಳಿದ್ದಕ್ಕೆಲ್ಲ ತಾವೇ ಉತ್ತರ ಹೇಳುವುದು, ನಾನು ಮರದ ಬುಡದಲ್ಲಿ ಒಬ್ಬಳೇ ಕೂತು ಬರೆದು ಮುಗಿಸುವತನಕ ಕಾಯುವುದು. ಸಣ್ಣಪುಟ್ಟ ಅಳತೆಗಳು ಹೀಗೇ ಸಾಗಿದವು. ಬುಕ್ಕಾಂಬುಧಿಯ ಕಡತವನ್ನು ಮಾತ್ರ ಬೀರುವಿನ ತಳಕ್ಕೆ ತಳ್ಳಿದೆ.

ಒಂದು ಮಧ್ಯಾಹ್ನ ಹೊಂಗೆ ಮರದ ಕೆಳಗೆ ನಾನು ನಕ್ಷೆ ಎಳೆಯುತ್ತಿದ್ದೆ. ತಿಪ್ಪೇಶಣ್ಣ ಸ್ವಲ್ಪ ದೂರದಲ್ಲಿ ಎಲೆಯಡಿಕೆ ಹಾಕಿಕೊಳ್ಳುತ್ತ ಕೂತಿದ್ದವರು ನಿಧಾನವಾಗಿ ಹೇಳಿದರು: "ಒಂದ್ ಮಾತು ಹೇಳ್ತೀನಿ, ಬೇಜಾರ್ ಮಾಡ್ಕಬ್ಯಾಡಿ ಮೇಡಮ್ಮ. ನಿಮ್ ಕೈಗೇನೂ ಆಗಿಲ್ಲ ಕಣ್ರೀ."

ನಾನು ಪೆನ್ನು ಎತ್ತಿದೆ.

"ಒಬ್ರೇ ಕೂತಾಗ ಗೆರೆ ದಾರ ಹಿಡ್ದಂಗೆ ಬತ್ತದೆ. ಜನ ಬಂದ್ರೆ ನಡುಗ್ತದೆ. ಕೈಗೇ ರೋಗ ಇದ್ರೆ ಒಬ್ರೇ ಇದ್ದಾಗ್ಲೂ ನಡುಗ್ಬೇಕಾಗಿತ್ತಲ್ವಾ? ಟಾನಿಕ್ಕು ಗೀನಿಕ್ಕು ಕುಡುದ್ರೆ ಹೋಗೋದಲ್ಲ ಇದು."

ನನಗೆ ಕಣ್ಣು ತುಂಬಿತು. ಏಳನೇ ತರಗತಿ ಓದಿದ ಆ ಮನುಷ್ಯ ಮೂರು ತಿಂಗಳು ನನ್ನ ಕೈಯನ್ನು ನೋಡಿ ನೋಡಿ ಹಿಡಿದದ್ದನ್ನು ನಮ್ಮ ಮನೆಯಲ್ಲಿ ಇಪ್ಪತ್ತು ವರ್ಷ ಯಾರೂ ಹಿಡಿದಿರಲಿಲ್ಲ, ನಾನೂ ಸೇರಿ. ಅವರ ತಂಗಿಗೆ ಬಾಣಂತನದಲ್ಲಿ ಮನಸ್ಸು ಕೆಟ್ಟು ತರೀಕೆರೆಯ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದರಂತೆ. "ಅಲ್ಲೊಬ್ರು ಮೇಡಂ ಅವ್ರೆ. ಕೂರಿಸ್ಕಂಡು ಮಾತಾಡ್ತಾರೆ. ನಮ್ ತಂಗಿ ಈಗ ಹೈನು ಮಾಡ್ಕಂಡು ಜೋರಾಗವ್ಳೆ. ನೋಡಾಣ ಬನ್ನಿ," ಎಂದರು.

ಹೋದೆವು. ಚೀಟಿ ಮಾಡಿಸುವ ಕಿಟಕಿಯ ಮುಂದೆ ನಿಲ್ಲಲು ನನ್ನಿಂದ ಆಗದೆ ತಿಪ್ಪೇಶಣ್ಣನೇ ಮಾಡಿಸಿ ತಂದರು. ಮೊದಲು ಡಾಕ್ಟರು ನೋಡಿ, ಹತ್ತಾರು ಪ್ರಶ್ನೆ ಕೇಳಿ, ಒಂದು ಸಣ್ಣ ಮಾತ್ರೆ ಬರೆದು, ಇದು ಕೆಲಸ ಮಾಡಲು ಕೆಲವು ವಾರ ಬೇಕು, ನೀವೇ ನಿಲ್ಲಿಸಬೇಡಿ ಎಂದು ಹೇಳಿ, ಪಕ್ಕದ ಕೋಣೆಗೆ ಕಳಿಸಿದರು. ಅಲ್ಲಿದ್ದವರು ವಿಮಲಾ ಮೇಡಂ, ಆಪ್ತಸಲಹೆಗಾರರು. ಲಕ್ಕವಳ್ಳಿಯಲ್ಲಿ ಅಣೆಕಟ್ಟಿನ ನೌಕರರ ಕ್ವಾರ್ಟರ್ಸಿನಲ್ಲಿ ಬೆಳೆದವರಂತೆ. ನಲವತ್ತೈದರ ಆಸುಪಾಸು, ಗಟ್ಟಿ ದನಿ, ಮೇಜಿನ ಮೇಲೆ ಯಾವಾಗಲೂ ಅರ್ಧ ತಿಂದ ಕಡಲೆಕಾಯಿಯ ಪೊಟ್ಟಣ. ನಾನು ನೆಲ ನೋಡುತ್ತ ಮುಕ್ಕಾಲು ಗಂಟೆ ಹೇಳಿದ್ದನ್ನು ಒಮ್ಮೆಯೂ ತಡೆಯದೆ ಕೇಳಿದರು. ಆಮೇಲೆ, "ಇದಕ್ಕೆ ಹೆಸರಿದೆ. ಸಾಮಾಜಿಕ ಆತಂಕ ಅಂತೀವಿ. ನಿಮ್ಮೊಬ್ಬರಿಗೇ ಬಂದಿದ್ದಲ್ಲ, ಈ ಕುರ್ಚಿಯಲ್ಲಿ ಎಷ್ಟೋ ಜನ ಕೂತಿದಾರೆ," ಎಂದರು.

"ಚಿಕ್ಕಂದಿನಿಂದ ನಾಚಿಕೆ ಸ್ವಭಾವ, ಮೇಡಂ."

"ನಾಚಿಕೆ ಬೇರೆ. ನಾಚಿಕೆಯವರು ನಾಚಿಕೊಂಡೇ ಕೆಲಸ ಮುಗಿಸ್ತಾರೆ. ನೀವು ನಾಲ್ಕು ಜನ ಏನಂದುಕೊಳ್ತಾರೋ ಅಂತ ಹೆದರಿ ಬದುಕನ್ನೇ ಚಿಕ್ಕದು ಮಾಡ್ಕೊಂಡಿದೀರಿ. ಊಟ ಬಿಟ್ರಿ, ಮದುವೆ ಮಾತು ಬಿಟ್ರಿ, ಈಗ ಕೆಲಸ ಬಿಡೋದ್ರಲ್ಲಿದೀರಿ. ತಪ್ಪಿಸ್ಕೊಂಡಾಗೆಲ್ಲ ಒಂದು ಗಳಿಗೆ ಹಾಯಾಗುತ್ತೆ ಅಲ್ವಾ? ಭಯಕ್ಕೆ ಮೇವು ಅದೇ."

ನಂತರ ಅವರು ತಿಪ್ಪೇಶಣ್ಣನನ್ನು ಒಳಗೆ ಕರೆದರು. ಹೊಲದಲ್ಲಿ ಏನೇನು ಮಾಡುತ್ತೀರಿ ಎಂದು ಕೇಳಿದರು. ಅವರು ಹೆಮ್ಮೆಯಿಂದಲೇ ಹೇಳಿದರು: ಜನರನ್ನು ತಡೆಯುವುದು, ಉತ್ತರ ಕೊಡುವುದು, ಚೀಟಿ ಮಾಡಿಸುವುದು. ಮೇಡಂ ಮೆಲ್ಲಗೆ, "ನಿಮ್ಮಂಥವರು ಸಿಕ್ಕಿದ್ದು ಇವರ ಪುಣ್ಯ. ಆದ್ರೆ ಇನ್ಮೇಲೆ ಅದ್ಯಾವುದನ್ನೂ ಮಾಡಬೇಡಿ," ಎಂದರು.

ತಿಪ್ಪೇಶಣ್ಣನ ಮುಖ ಸಣ್ಣದಾಯಿತು. ಬಸ್‌ಸ್ಟ್ಯಾಂಡಿಗೆ ನಡೆಯುವಾಗ, "ಒಳ್ಳೇದು ಅಂತ ಮಾಡ್ದೆ. ನಾನೇ ರೋಗ ಸಾಕ್ದಂಗಾಯ್ತಲ್ಲ," ಎಂದರು.

ಅಂದಿನಿಂದ ವಾರಕ್ಕೊಮ್ಮೆ, ಅರ್ಧ ದಿನದ ರಜೆ ಹಾಕಿ, ತರೀಕೆರೆಗೆ ಹೋಗತೊಡಗಿದೆ. ಎರಡನೇ ವಾರದಿಂದ ಚೀಟಿ ನಾನೇ ಮಾಡಿಸಬೇಕಿತ್ತು. ನೀವು ಅಳೆಯುವವರು, ಇದನ್ನೂ ಅಳೆಯಿರಿ ಎಂದು ಮೇಡಂ ಒಂದು ನೋಟ್‌ಬುಕ್ ಕೊಟ್ಟರು. ಒಂದು ಕೆಲಸ ಮಾಡುವ ಮೊದಲು ಏನಾಗುತ್ತದೆ ಎಂದು ನನ್ನ ಭಯ ಹೇಳುತ್ತದೋ ಅದನ್ನು ಎಡಪುಟದಲ್ಲಿ ಬರೆಯಬೇಕು. ಮಾಡಿದ ಮೇಲೆ ಏನಾಯಿತು ಎಂಬುದನ್ನು ಬಲಪುಟದಲ್ಲಿ. ಬಸ್ಸಿನ ಹಿಂದಿನ ಸೀಟಿನಿಂದ ಕಂಡಕ್ಟರನ್ನು ಗಟ್ಟಿಯಾಗಿ ಕೂಗಿ ಟಿಕೆಟ್ ಕೇಳುವುದು ಮೊದಲ ಪಾಠ. ಎಡಪುಟದಲ್ಲಿ 'ಎಲ್ಲರೂ ತಿರುಗಿ ನೋಡುತ್ತಾರೆ, ನಗುತ್ತಾರೆ' ಎಂದು ಬರೆದೆ. ಬಲಪುಟದಲ್ಲಿ 'ಒಂದು ಮಗು ತಿರುಗಿ ನೋಡಿತು, ಕಂಡಕ್ಟರ್ ಟಿಕೆಟ್ ಕೊಟ್ಟ' ಎಂದಷ್ಟೇ ಬರೆಯಲು ಸಿಕ್ಕಿತು. ಸಂತೆಯಲ್ಲಿ ಕೊಂಡ ಬದನೆಕಾಯಿಯಲ್ಲಿ ಹುಳ ಇದ್ದದ್ದನ್ನು ವಾಪಸು ಕೊಟ್ಟು ಬೇರೆ ಕೇಳುವುದು. ಕಚೇರಿಯಲ್ಲಿ ಎಲ್ಲರ ಜೊತೆ ಕೂತು ಡಬ್ಬಿ ಬಿಚ್ಚುವುದು. ಒಮ್ಮೆ ಮಾಡಿ ಬಿಟ್ಟರಾಗದು, ಭಯ ತಾನಾಗಿ ಇಳಿಯುವವರೆಗೂ ಅಲ್ಲೇ ಇರಬೇಕು, ಮತ್ತೆ ಮತ್ತೆ ಮಾಡಬೇಕು. ಡಬ್ಬಿಯ ಪಾಠಕ್ಕೆ ನನಗೆ ಒಂದು ತಿಂಗಳು ಹಿಡಿಯಿತು. ಮೊದಲ ಮೂರು ದಿನ ಡಬ್ಬಿಯನ್ನು ಅರ್ಧಕ್ಕೇ ಮುಚ್ಚಿದೆ.

ಒಂದು ದಿನ ಮೇಡಂ ನನ್ನನ್ನು ಬಸ್‌ಸ್ಟ್ಯಾಂಡಿನ ಎದುರಿನ ಹೋಟೆಲಿಗೆ ಕರೆದೊಯ್ದರು. ತಿಂಡಿಯ ಹೊತ್ತು, ಕೂರಲು ಜಾಗವಿಲ್ಲ. ಇಡ್ಲಿ ಬಂತು. ಮೇಡಂ ನೀರಿನ ಲೋಟ ಎತ್ತಿದವರೇ ಬೇಕೆಂದೇ ಮೇಜಿನ ಮೇಲೆ ಪೂರ್ತಿ ಚೆಲ್ಲಿದರು. ಲೋಟ ಉರುಳಿ ನೆಲಕ್ಕೆ ಬಿದ್ದು ಠಣ್ಣೆಂದಿತು. "ಏನಪ್ಪಾ, ನೀರು ಚೆಲ್ಬಿಟ್ಟೆ, ಬಟ್ಟೆ ತಗೊಂಬಾ," ಎಂದು ಇಡೀ ಹೋಟೆಲಿಗೆ ಕೇಳುವ ಹಾಗೆ ಕರೆದರು. ನನಗೆ ಮೇಜಿನ ಕೆಳಗೆ ಇಳಿದುಬಿಡೋಣ ಅನ್ನಿಸಿತು.

"ತಲೆ ಎತ್ತಿ," ಎಂದರು. "ಎಷ್ಟು ಜನ ನಮ್ಮನ್ನ ನೋಡ್ತಿದಾರೆ, ಎಣಿಸಿ ಹೇಳಿ."

ಎತ್ತಿದೆ. ಒಬ್ಬರು ನೋಡಿ ಚಟ್ನಿಯ ಕಡೆ ತಿರುಗಿದ್ದರು. ಇನ್ನೊಬ್ಬರು ತಮ್ಮ ಶರ್ಟಿಗೆ ಹಾರಿದೆಯೇ ಎಂದು ನೋಡಿಕೊಂಡರು. ಅಷ್ಟೇ.

"ಇಬ್ಬರು," ಎಂದೆ.

"ಅವರಿಗೂ ಅವರವರ ಇಡ್ಲಿ ಇದೆ ಕಣ್ರೀ. ಈಗ ನಿಮ್ಮ ಸರದಿ." ತಮ್ಮ ಲೋಟ ಹೋಗಿದ್ದರಿಂದ ನನ್ನದನ್ನು ತೋರಿಸಿದರು. ನಾನು ಹತ್ತು ನಿಮಿಷ ತೆಗೆದುಕೊಂಡೆ. ಕೊನೆಗೆ ಚೆಲ್ಲಿದೆ. ಸಪ್ಲೈಯರ್ ಮತ್ತೆ ಬಟ್ಟೆ ತಂದು, "ಮೇಜು ಅಲ್ಲಾಡ್ತದೆ ಅಂತ ಓನರ್‌ಗೆ ಹೇಳಿ ಹೇಳಿ ಸಾಕಾಯ್ತು," ಎಂದು ಗೊಣಗಿಕೊಂಡು ಒರೆಸಿದ. ನಮ್ಮಿಬ್ಬರಿಗೂ ನಗು ತಡೆಯಲಾಗಲಿಲ್ಲ. ನಾಲ್ಕು ಜನರ ನಡುವೆ ನಾನು ಬಾಯಿ ಬಿಟ್ಟು ನಕ್ಕದ್ದು ಅದೇ ಮೊದಲಿರಬೇಕು.

ಎಲ್ಲವೂ ಹೀಗೆ ಮೇಲೇರುತ್ತ ಹೋಯಿತು ಎಂದರೆ ಸುಳ್ಳಾಗುತ್ತದೆ. ಫೆಬ್ರವರಿಯಲ್ಲಿ ಕಡೂರಿನಲ್ಲಿ ಪ್ರಗತಿ ಪರಿಶೀಲನೆಯ ಸಭೆ ಇತ್ತು. ಮೇಲಧಿಕಾರಿಗಳು ಬಾಕಿ ಕಡತಗಳ ಬಗ್ಗೆ ಒಬ್ಬೊಬ್ಬರನ್ನೇ ಎಬ್ಬಿಸಿ ಕೇಳುತ್ತಿದ್ದರು. ನನ್ನ ಹೆಸರು ಕರೆಯುವ ಮೊದಲೇ ಎದ್ದು ಹೊರಗೆ ಹೋದವಳು ನೇರ ಬಸ್ಸು ಹತ್ತಿ ದೇವನೂರು ಸೇರಿದೆ. ಮೂರು ದಿನ ಹೊದ್ದು ಮಲಗಿದೆ. ರಾಜೀನಾಮೆ ಪತ್ರ ಬರೆದೆ. ಒಬ್ಬಳೇ ಬರೆದದ್ದರಿಂದ ಅಕ್ಷರ ತುಂಬ ಚೆನ್ನಾಗಿತ್ತು. ನಾಲ್ಕನೇ ದಿನ ಅದನ್ನು ಹಿಡಿದು ತರೀಕೆರೆಗೆ ಹೋದೆ, ವಿಮಲಾ ಮೇಡಂಗೆ ತೋರಿಸಿಯೇ ಕೊಡೋಣವೆಂದು.

ಅವರು ಪತ್ರ ಓದಿ ಮಡಚಿಟ್ಟರು. ಸಮಾಧಾನ ಹೇಳಲಿಲ್ಲ. "ನೋಟ್‌ಬುಕ್ ತೆಗೀರಿ. ಎದ್ದು ಹೋದ್ರೆ ಏನಾಗುತ್ತೆ ಅಂದುಕೊಂಡಿದ್ರಿ?"

"ಕೆಲಸ ಹೋಗುತ್ತೆ, ಎಲ್ಲರೂ ಆಡ್ಕೋತಾರೆ ಅಂತ."

"ಏನಾಯ್ತು?"

ನನಗೆ ಗೊತ್ತಿರಲಿಲ್ಲ. ಕೇಳಿರಲೇ ಇಲ್ಲ. "ಬಲಪುಟ ಖಾಲಿ ಬಿಟ್ಟು ರಾಜೀನಾಮೆ ಕೊಡಬಾರದು. ಹೋಗಿ ತಿಳ್ಕೊಂಡು ಬನ್ನಿ," ಎಂದರು. ಕಚೇರಿಗೆ ಹೋದೆ. ನನ್ನ ಪಕ್ಕದ ಮೇಜಿನವರು, "ಹೊಟ್ಟೆ ಸರಿ ಹೋಯ್ತಾ ಮೇಡಂ? ಅವತ್ತು ಸಭೆಯ ಊಟಕ್ಕೂ ಇರ್ಲಿಲ್ಲ ನೀವು," ಎಂದು ಕೇಳಿದರು. ಮೇಲಧಿಕಾರಿಗಳು ನನ್ನ ಹೆಸರಿಗೆ ಬರುವಷ್ಟರಲ್ಲಿ ಅವರಿಗೆ ಫೋನು ಬಂದು ಸಭೆ ಮುಗಿದಿತ್ತಂತೆ. ಬಲಪುಟದಲ್ಲಿ ಅದನ್ನು ಬರೆದೆ. ಆಮೇಲೆ ಬೀರುವಿನ ತಳದಿಂದ ಬುಕ್ಕಾಂಬುಧಿಯ ಕಡತ ತೆಗೆದು, ಏಪ್ರಿಲ್‌ನ ಒಂದು ದಿನ ಗೊತ್ತುಮಾಡಿ ಎರಡೂ ಕಡೆಗೆ ನೋಟಿಸು ಕಳಿಸಿದೆ.

ಅವತ್ತು ಬೆಳಗ್ಗೆ ಎಂಟಕ್ಕೇ ಬಿಸಿಲು ಸುಡುತ್ತಿತ್ತು. ಕೆರೆಯ ನೀರು ದೂರ ಸರಿದು, ಹೂಳು ಒಣಗಿ ಬಿರಿದಿತ್ತು. ಜನ ಹೋದ ಸಲಕ್ಕಿಂತ ಹೆಚ್ಚು. ಮಲ್ಲಪ್ಪ ಒಂದು ಕಡೆ, ಓಂಕಾರಪ್ಪ ಇನ್ನೊಂದು ಕಡೆ, ನಡುವೆ ನಾನು. ಪುಸ್ತಕ ಬಿಚ್ಚಿದೆ, ಕೈ ನಡುಗತೊಡಗಿತು. ಅಭ್ಯಾಸ ಬಲದಿಂದ ತಿಪ್ಪೇಶಣ್ಣನ ಕಡೆ ನೋಡಿದೆ. ಅವರು ಸರಪಳಿಯ ಆಚೆ ತುದಿ ಹಿಡಿದು, ಮೇಡಂ ಹೇಳಿದ್ದಂತೆ, ದೂರದಲ್ಲಿ ನಿಂತಿದ್ದರು. ಅಲ್ಲಿಂದ ಕದಲಲಿಲ್ಲ.

ನಡುಕ ಮುಚ್ಚಿಡುವ ಶ್ರಮವೇ ನಡುಕಕ್ಕಿಂತ ದೊಡ್ಡದು ಎಂದು ವಿಮಲಾ ಮೇಡಂ ಹೇಳುತ್ತಿದ್ದರು. ನಾನು ಪುಸ್ತಕ ಕೆಳಗಿಳಿಸಿ, ಬಂದಷ್ಟು ದನಿಯಲ್ಲಿ ಹೇಳಿದೆ: "ಎಲ್ಲರೂ ಒಂದು ಮಾತು ಕೇಳಿ. ಜನ ನೋಡ್ತಿದ್ರೆ ನನ್ನ ಕೈ ನಡುಗುತ್ತೆ. ಅದಕ್ಕೂ ಅಳತೆಗೂ ಸಂಬಂಧ ಇಲ್ಲ. ನಡುಗಿದ್ರೂ ಅಂಕಿ ನಿಮಗೆ ತೋರಿಸೇ ಬರೀತೀನಿ."

ಮಲ್ಲಪ್ಪ, "ನಡುಗ್ಲಿ ಬುಡವ್ವ. ನಮ್ಮಪ್ಪಂದೂ ನಡುಗ್ತಿತ್ತು. ಬಿತ್ತಿದ ಸಾಲು ಸೊಟ್ಟ ಆಗ್ತಿರ್ಲಿಲ್ಲ," ಎಂದರು. ಮಾತು ಬಿಟ್ಟ ತಮ್ಮನೂ ತಲೆಯಾಡಿಸಿದರು. ಅಪ್ಪ ಇಬ್ಬರಿಗೂ ಒಬ್ಬರೇ ತಾನೆ.

ಅಳೆದೆ, ಬರೆದೆ. ಎರಡು ಗಂಟೆಯ ಮೇಲೆ, ಇಲ್ಲಿ ಅಗೆಯಿರಿ ಎಂದು ಗುರುತು ತೋರಿಸಿದೆ. ಎರಡಡಿ ಅಗೆದರು, ಮೂರಡಿ ಅಗೆದರು. ಹಾರೆಗೆ ಬರೀ ಮಣ್ಣು. ಗುಜುಗುಜು ಶುರುವಾಯಿತು. ಹುಟ್ಟಿದಾಗಿನಿಂದ ನಾನು ಹೆದರಿಕೊಂಡು ಬಂದದ್ದು ಇದೇ ಗಳಿಗೆಗೆ: ಎಲ್ಲರೆದುರು ತಪ್ಪಾಗುವುದಕ್ಕೆ. ಓಡಿಹೋಗುವ ದಾರಿಯನ್ನು ಕಾಲು ಆಗಲೇ ನೋಡಿಟ್ಟಿತ್ತು. ಆದರೆ ಹಳೆಯ ಅಳತೆಯ ಟಿಪ್ಪಣಿಯ ನಕಲನ್ನು ಇನ್ನೊಮ್ಮೆ ಬಿಸಿಲಿಗೆ ಹಿಡಿದು ನೋಡಿದೆ. ಹಿಂದಿನ ಕಾಲದವರ ಕೈಬರಹ, ಕನ್ನಡದ ಅಂಕಿಗಳು. ಆರು ಆಣೆ ಎಂದಿದ್ದನ್ನು ನಾನು ಒಂಬತ್ತು ಆಣೆ ಎಂದು ಓದಿದ್ದೆ. ಮೂವತ್ತಮೂರು ಅಡಿ ಉದ್ದದ ನಮ್ಮ ಸರಪಳಿಯಲ್ಲಿ ಹದಿನಾರು ಆಣೆ; ಮೂರು ಆಣೆ ಎಂದರೆ ಆರಡಿಗೂ ಹೆಚ್ಚು.

"ತಪ್ಪು ನನ್ನದು," ಎಂದೆ. "ಈ ಆರನ್ನ ಒಂಬತ್ತು ಅಂತ ಓದಿದೀನಿ, ಆರಡಿ ಆಚೀಚೆ ಆಗಿದೆ. ನೀವೇ ನೋಡಿ. ಮತ್ತೆ ಅಳೆಯೋಣ."

"ಈಗ ಆರಡಿ ಯಾರ್ ಕಡೆ ಹೋಯ್ತದೆ ಅದ್ನ ಹೇಳ್ರೀ ಮೊದ್ಲು," ಎಂದು ಓಂಕಾರಪ್ಪನ ಕಡೆಯವರೊಬ್ಬರು ದನಿ ಏರಿಸಿದರು.

"ಎಲ್ಲಿ ಕಲ್ಲಿದೆಯೋ ಆ ಕಡೆ ಹೋಗುತ್ತೆ," ಎಂದೆ. ದನಿ ನಡುಗಿತು, ನಿಲ್ಲಲಿಲ್ಲ. ಮಲ್ಲಪ್ಪ, ಓಂಕಾರಪ್ಪ ಇಬ್ಬರೂ ಹಾಳೆಯ ಮೇಲೆ ಒಟ್ಟಿಗೆ ಬಗ್ಗಿ ಅಂಕಿ ನೋಡಿದರು. ಮತ್ತೆ ಅಳೆದೆವು. ಹೊಸ ಗುರುತಿನಲ್ಲಿ ಎರಡಡಿ ಇಳಿಯುವಷ್ಟರಲ್ಲಿ ಹಾರೆ ಠಣ್ಣೆಂದಿತು. ಮಣ್ಣು ಸರಿಸಿದರೆ ಹಳೆಯ ಗಡಿಕಲ್ಲಿನ ನೆತ್ತಿ. ಹಾಳೆಯಲ್ಲಿ ಮೊದಲಿನ ಅಂಕಿ ಹೊಡೆದುಹಾಕಿ, ಸರಿಯಾದದ್ದನ್ನು ಬರೆದು, ತಿದ್ದಿದ್ದು ನಾನೇ ಎಂದು ಪಕ್ಕದಲ್ಲಿ ರುಜು ಹಾಕಿದೆ. ಐವತ್ತು ಜನರೆದುರು ಹಾಕಿದ ಆ ರುಜು ಸೊಟ್ಟಸೊಟ್ಟಾಗಿದೆ. ಕಡತದಲ್ಲಿ ಈಗಲೂ ಇದೆ.

ಆಮೇಲಾದದ್ದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಮಾತ್ರೆಯನ್ನು ಡಾಕ್ಟರೇ ಒಂದು ವರ್ಷದ ಮೇಲೆ ನಿಧಾನವಾಗಿ ಇಳಿಸಿ ನಿಲ್ಲಿಸಿದರು. ವಿಮಲಾ ಮೇಡಂ ಬಳಿಗೆ ಹೋಗುವುದು ವಾರದಿಂದ ತಿಂಗಳಿಗಾಯಿತು, ಆಮೇಲೆ ಹಬ್ಬಕ್ಕೊಂದು ಫೋನಾಯಿತು. ಮದುವೆಯಾದೆ, ನೋಡಲು ಬಂದವರಿಗೆ ಕೈ ನಡುಗುವ ವಿಷಯ ನಾನೇ ಮೊದಲು ಹೇಳಿದೆ. ಈಗಲೂ ಹೊಸ ಜಾಗ, ದೊಡ್ಡ ಗುಂಪು ಎಂದರೆ ನಡುಗುತ್ತದೆ. ಅದರಿಂದ ಯಾವ ಕೆಲಸವನ್ನೂ ಬಿಟ್ಟಿಲ್ಲ. ತಿಪ್ಪೇಶಣ್ಣ ನಿವೃತ್ತರಾಗಿ ಮಗಳ ಊರಿಗೆ ಹೋದರು. ಓದಿದವರು, ದೊಡ್ಡ ಹುದ್ದೆಯವರು ಬೇಕಾದಷ್ಟು ಜನರನ್ನು ನೋಡಿದ್ದೇನೆ. ಇನ್ನೊಬ್ಬರ ಕಷ್ಟ ಕಂಡ ಕೂಡಲೇ ಮುಂದೆ ಬರುವುದನ್ನೂ, ಬೇಕಾದಾಗ ಹಿಂದೆ ಸರಿಯುವುದನ್ನೂ ಅವರಷ್ಟು ಚೆನ್ನಾಗಿ ಕಲಿತವರು ಸಿಕ್ಕಿಲ್ಲ.

ಆ ಗಡಿಕಲ್ಲು ಸಿಕ್ಕ ದಿನದ ಸಂಜೆ ಕೆರೆ ಏರಿಯ ಮೇಲೆ ನಾನೂ ತಿಪ್ಪೇಶಣ್ಣನೂ ಬಸ್ಸಿನ ದಾರಿಗೆ ನಡೆಯುತ್ತಿದ್ದೆವು. ಅವರ ಹೆಗಲ ಮೇಲೆ ಸರಪಳಿಯ ಚೀಲ. ನೀರಿನ ಕಡೆಯಿಂದ ತಂಪು ಗಾಳಿ ಬರುತ್ತಿತ್ತು. ನಾನು ಕೇಳಿದೆ: "ಕಲ್ಲು ಸಿಗದೇ ಜನ ಗಲಾಟೆ ಮಾಡುವಾಗ ನಿಮಗೆ ಏನೂ ಅನ್ನಿಸಲಿಲ್ವಾ ತಿಪ್ಪೇಶಣ್ಣ? ಅಲ್ಲೇ ನಿಂತಿದ್ರಿ."

"ಅನ್ನಿಸ್ದೇ ಏನು. ನಿಮ್ಗಿಂತ ನಂಗೇ ಬೆವ್ರು ಜಾಸ್ತಿ ಕಿತ್ಕಂತು," ಎಂದರು. "ಎರಡ್ ಸಲ ಹೆಜ್ಜೆ ಎತ್ತಿದ್ದೆ. ಬಂದ್ಬಿಟ್ರೆ ಆ ಮೇಡಂ ಹೇಳಿದ್ದೆಲ್ಲ ಹಾಳಾಯ್ತದೆ ಅಂತ ಸರಪಳಿನೇ ಕಾಲಿಗೆ ಸುತ್ಕಂಡು ನಿಂತೆ."

ಅವರ ಹೆಗಲಿನ ಚೀಲಕ್ಕೆ ನಾನೂ ಒಂದು ಕೈ ಕೊಟ್ಟೆ. ಅವರು ಮಾತು ಮುಂದುವರಿಸಿದರು.

"ಮೂವತ್ತು ವರ್ಷದಾಗೆ ಎಷ್ಟೋ ಜನ ಸರ್ವೇಯರ್‌ಗಳಿಗೆ ಸರಪಳಿ ಹಿಡ್ದೀನಿ ಮೇಡಮ್ಮ. ಕೈ ನಡುಗ್ದೇ ಇದ್ದೋರೇ ಎಲ್ಲ. ತಪ್ಪು ನಂದು ಅಂತ ಜನದ ಮುಂದೆ ಹೇಳಿದ್ದು ಒಬ್ರ ಬಾಯಲ್ಲೂ ಕೇಳಿರ್ಲಿಲ್ಲ."